ಅಕ್ಕಪಕ್ಕ ಸರಿಯುತ್ತದೆ, ಮೇಲೆ ಕೆಳಗೆ ಜರುಗುವುದಿಲ್ಲ: ತಲೆ-ಕುತ್ತಿಗೆಯ ಅಪರೂಪದ ಗಡ್ಡೆಗಳ ಕಥೆ

ಕುತ್ತಿಗೆಯಲ್ಲಿ, ದವಡೆಯ ಮೂಲೆಗಿಂತ ತುಸು ಕೆಳಗೆ, ಒಂದು ಗಂಟು. ನೋವಿಲ್ಲ, ಜ್ವರವಿಲ್ಲ. ಗಡ್ಡ ಬೋಳಿಸುವಾಗಲೋ ಸ್ನಾನ ಮಾಡುವಾಗಲೋ ಕೈಗೆ ತಗುಲಿದ್ದು. ವೈದ್ಯರು ಅದನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ, ಮುಂದಕ್ಕೆ ಸರಿಸಿ ನೋಡುತ್ತಾರೆ. ಸಲೀಸಾಗಿ ಸರಿಯುತ್ತದೆ. ಮೇಲಕ್ಕೆ, ಕೆಳಕ್ಕೆ ತಳ್ಳುತ್ತಾರೆ. ಜಪ್ಪಯ್ಯ ಅನ್ನುವುದಿಲ್ಲ. ಬೆರಳ ತುದಿಗೆ ನಾಡಿಯ ಬಡಿತವೂ ಸಿಗುತ್ತದೆ. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸೋಣ ಅಂದುಕೊಂಡಿದ್ದವರು ಅಲ್ಲಿಗೆ ಮನಸ್ಸು ಬದಲಿಸಿ ಸ್ಕ್ಯಾನ್‌ಗೆ ಚೀಟಿ ಬರೆಯುತ್ತಾರೆ.

ಇದೇಕೆ ಹೀಗೆ? ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ ಕುತ್ತಿಗೆಯ ಆ ಜಾಗದಲ್ಲೇ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಒಂದು ಅಂಗ ಕೂತಿದೆ. ಹೆಸರು ಕೆರೋಟಿಡ್ ಬಾಡಿ. ಹರಿದು ಹೋಗುವ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಸದಾ ನೋಡುತ್ತಿರುವುದು, ಕಡಿಮೆಯಾದರೆ 'ಉಸಿರಾಟ ಜೋರು ಮಾಡು' ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಇದರ ಕೆಲಸ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ ಬೆಲ್ಜಿಯಂನ ಕಾರ್ನೀಲ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಬಂತು. ಈ ಅಕ್ಕಿಕಾಳೇ ಬೆಳೆದು ಗಡ್ಡೆಯಾದರೆ ಅದಕ್ಕೆ ಪ್ಯಾರಾಗ್ಯಾಂಗ್ಲಿಯೋಮ ಎನ್ನುತ್ತಾರೆ. ಲಂಬವಾಗಿ ಹೋಗುವ ಎರಡು ಕೊಳವೆಗಳ ನಡುವೆ ಸಿಕ್ಕಿಕೊಂಡದ್ದು ಕೊಳವೆಗಳ ಸಮೇತ ಅಕ್ಕಪಕ್ಕಕ್ಕೆ ಓಲಾಡಬಹುದು; ಮೇಲೆ ಕೆಳಗೆ ಜಾರಲು ಅವು ಬಿಡುವುದಿಲ್ಲ. ಬೆರಳಿಗೆ ಗೊತ್ತಾದದ್ದು ಇಷ್ಟೇ. ಮೈತುಂಬ ರಕ್ತನಾಳಗಳಿರುವ ಈ ಗಡ್ಡೆಗೆ ಗೊತ್ತಿಲ್ಲದೆ ಕತ್ತಿ ತಾಗಿಸಿದರೆ ಆಗುವ ರಕ್ತಸ್ರಾವ ಸಣ್ಣದಲ್ಲ.

ಎತ್ತರದ ಪ್ರದೇಶಗಳಲ್ಲಿ ತಲೆಮಾರುಗಳಿಂದ ಬದುಕಿದವರಲ್ಲಿ, ಆಂಡೀಸ್ ಪರ್ವತದ ಜನರಲ್ಲಿ ಮುಖ್ಯವಾಗಿ, ಈ ಗಡ್ಡೆ ಹೆಚ್ಚು. ಗಾಳಿ ತೆಳುವಾದ ಕಡೆ ಆಮ್ಲಜನಕಕ್ಕಾಗಿ ಸದಾ ತಡಕಾಡುವ ಅಂಗ ದುಡಿದು ದುಡಿದು ಉಬ್ಬುತ್ತದೆ ಅನ್ನಬಹುದು. ಅದು ಸರಿ, ಸಮುದ್ರಮಟ್ಟದಲ್ಲೇ ಇರುವವರಿಗೆ ಯಾಕೆ ಬರುತ್ತದೆ? 2000ನೇ ಇಸವಿಯಲ್ಲಿ ಇದರ ಒಂದು ಉತ್ತರ ಸಿಕ್ಕಿತು. ಎಸ್‌ಡಿಎಚ್‌ಡಿ ಎಂಬ ಜೀನ್ ಕೆಟ್ಟಿದ್ದರೆ ಜೀವಕೋಶದ ಶಕ್ತಿ ತಯಾರಿಸುವ ಯಂತ್ರದ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಆಗ ಬೇಕಾದಷ್ಟು ಆಮ್ಲಜನಕವಿದ್ದರೂ ಕೋಶ 'ಇಲ್ಲ' ಎಂದೇ ತಿಳಿಯುತ್ತದೆ. ಬೆಟ್ಟ ಹತ್ತದೆಯೇ ಬೆಟ್ಟದ ಮೇಲಿದ್ದಂತೆ. ಪರಿಸರ ಒಂದು ದಾರಿಯಿಂದ, ಆನುವಂಶಿಕತೆ ಇನ್ನೊಂದು ದಾರಿಯಿಂದ ಬಂದು ಒಂದೇ ಬಾಗಿಲು ತಟ್ಟುವುದು ನನಗೆ ಇಡೀ ವಿಷಯದಲ್ಲೇ ಬಹಳ ಚೆಂದ ಕಾಣುವ ಸಂಗತಿ.

ಈ ಜೀನಿನ ಇನ್ನೊಂದು ವಿಚಿತ್ರ ಕೇಳಿ. ಕೆಟ್ಟ ಪ್ರತಿ ತಂದೆಯಿಂದ ಬಂದರೆ ಗಡ್ಡೆಯಾಗುವ ಸಂಭವ ಹೆಚ್ಚು. ತಾಯಿಯಿಂದ ಬಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಾಗೆ ತಾಯಿಯಿಂದ ಪಡೆದ ಮಗ ತಾನು ಆರೋಗ್ಯವಾಗಿಯೇ ಇದ್ದು ತನ್ನ ಮಕ್ಕಳಿಗೆ ಅದನ್ನು ದಾಟಿಸಬಹುದು. 'ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ' ಎಂಬ ಮಾತು ಇಲ್ಲಿ ಅಷ್ಟು ನಂಬುವಂಥದ್ದಲ್ಲ. ಪ್ಯಾರಾಗ್ಯಾಂಗ್ಲಿಯೋಮ ಇರುವವರಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿಗೆ ಆನುವಂಶಿಕ ಕಾರಣವಿರುವುದರಿಂದ, ಕುಟುಂಬದಲ್ಲಿ ಯಾರಿಗೂ ಇಲ್ಲದಿದ್ದರೂ ಜೀನ್ ಪರೀಕ್ಷೆಗೆ ಹೇಳುತ್ತಾರೆ. ಶಸ್ತ್ರಚಿಕಿತ್ಸೆಗೆ ಮೊದಲು ಇನ್ನೊಂದು ಪರೀಕ್ಷೆಯೂ ಉಂಟು. ಈ ಗಡ್ಡೆಗಳಲ್ಲಿ ಕೆಲವು ಅಡ್ರಿನಲಿನ್ ಜಾತಿಯ ರಾಸಾಯನಿಕ ಸುರಿಸುತ್ತವೆ. ಕುತ್ತಿಗೆಯವು ಅಂಥ ಕೆಲಸ ಮಾಡುವುದು ಕಡಿಮೆಯೇ, ಆದರೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರಕ್ತದೊತ್ತಡ ಏಕಾಏಕಿ ಏರಿದಾಗ ಅದು ಗೊತ್ತಾಗುವುದು ಯಾರಿಗೂ ಬೇಡ.

ಮತ್ತೆ, ಎಲ್ಲವನ್ನೂ ಕತ್ತರಿಸಿ ತೆಗೆಯಲೇಬೇಕೆಂದಿಲ್ಲ. ಬಹುತೇಕ ಇವು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುವಂಥವು. ವಯಸ್ಸಾದವರಲ್ಲಿ, ಅಥವಾ ತೆಗೆಯಲು ಹೋದರೆ ನುಂಗುವ, ಮಾತಾಡುವ ನರಗಳಿಗೆ ಪೆಟ್ಟಾಗುವಂತಿದ್ದರೆ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ಕಾದು ನೋಡುವುದೂ ಒಂದು ಚಿಕಿತ್ಸೆಯೇ. ಗಡ್ಡೆ ಇದೆ ಎಂದು ಹೇಳಿ ಸುಮ್ಮನೆ ಮನೆಗೆ ಕಳಿಸಿದರಲ್ಲ ಎಂದು ಮನೆಯವರು ಸಿಟ್ಟಾಗುವುದುಂಟು. ಸಿಟ್ಟು ಸಹಜ, ಆದರೆ ನಿರ್ಧಾರ ತಪ್ಪಿರಬೇಕಾಗಿಲ್ಲ.

ಅಪರೂಪ ಎಂದರೆ ಎಷ್ಟು?

ಯುರೋಪಿನಲ್ಲಿ ಇದಕ್ಕೊಂದು ಅಳತೆ ಇಟ್ಟುಕೊಂಡಿದ್ದಾರೆ: ವರ್ಷಕ್ಕೆ ಲಕ್ಷ ಜನರಲ್ಲಿ 6ಕ್ಕಿಂತ ಕಡಿಮೆ ಮಂದಿಯಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಅಪರೂಪದ್ದು. ಹಾಗೆ ಅನ್ನಿಸಿಕೊಂಡ ಎಲ್ಲವನ್ನೂ ಕೂಡಿಸಿದರೆ ಅಲ್ಲಿನ ಒಟ್ಟು ಕ್ಯಾನ್ಸರ್‌ಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚಾಗುತ್ತವೆ. ಬಿಡಿಬಿಡಿಯಾಗಿ ಯಾವುದೂ ಕಣ್ಣಿಗೆ ಬೀಳದಿದ್ದರೂ ಒಟ್ಟಾಗಿ ಸಣ್ಣ ಗುಂಪೇನಲ್ಲ.

ತಲೆ ಮತ್ತು ಕುತ್ತಿಗೆಯ ಮಟ್ಟಿಗೆ ಹೇಳುವುದಾದರೆ, ಇಲ್ಲಿನ ಕ್ಯಾನ್ಸರ್‌ಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಒಳಪದರದಿಂದ ಹುಟ್ಟುವ ಒಂದೇ ಜಾತಿಯವು. ತಂಬಾಕು, ಮದ್ಯ, ಎಚ್‌ಪಿವಿ ವೈರಸ್ಸು ಅವುಗಳ ಮುಖ್ಯ ಕಾರಣ. ಉಳಿದ ಆ ಒಂದು ಪಾಲಿನೊಳಗೆ ಹತ್ತಾರು ಹೆಸರುಗಳು ತುಂಬಿಕೊಂಡಿವೆ. ಕಾರಣ ಜಾಗದ ಇಕ್ಕಟ್ಟು. ಅಂಗೈಯಗಲದ ಜಾಗದಲ್ಲಿ ಹಲ್ಲು ಹುಟ್ಟಿಸುವ ಅಂಗಾಂಶ, ಜೊಲ್ಲುಗ್ರಂಥಿ, ಥೈರಾಯ್ಡ್, ವಾಸನೆ ಹಿಡಿಯುವ ನರ, ಕೇಳುವ ನರ, ಎಲುಬು, ದುಗ್ಧಗ್ರಂಥಿ ಎಲ್ಲ ಒತ್ತೊತ್ತಾಗಿವೆ. ಗರ್ಭದಲ್ಲಿದ್ದಾಗ ಬೆನ್ನುಹುರಿಗೆ ಆಧಾರವಾಗಿದ್ದ ನೋಟೋಕಾರ್ಡ್ ಎಂಬ ದಂಡದ ಚೂರುಪಾರು ಕೂಡ ತಲೆಬುರುಡೆಯ ಬುಡದಲ್ಲಿ ಉಳಿದಿರುತ್ತದೆ. ಅದರಿಂದ ಹುಟ್ಟುವ ಕಾರ್ಡೋಮ ಇಡೀ ದೇಹದ ಲೆಕ್ಕ ಹಿಡಿದರೂ ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವಂಥದ್ದು, ತಲೆಬುರುಡೆಯಲ್ಲಿ ಹುಟ್ಟಿದರೆ ಮೊದಲ ಲಕ್ಷಣ ಎಷ್ಟೋ ಸಲ ಒಂದು ವಸ್ತು ಎರಡಾಗಿ ಕಾಣುವುದು. ಪ್ರತಿ ಅಂಗಾಂಶಕ್ಕೂ ತನ್ನದೇ ಗಡ್ಡೆಗಳಿವೆ. ಇಕ್ಕಟ್ಟಿನಿಂದ ಒಂದು ಉಪಕಾರವೂ ಇದೆ. ಗಡ್ಡೆ ತಾನಾಗಿ ಬಾಯಿ ಬಿಡದಿದ್ದರೂ ಒತ್ತಡಕ್ಕೆ ಸಿಕ್ಕಿದ ನೆರೆಯವರು ಬೇಗ ದೂರು ಕೊಡುತ್ತಾರೆ. ದೂರನ್ನು ಸರಿಯಾಗಿ ಕೇಳಿಸಿಕೊಂಡರೆ ಗಡ್ಡೆಯ ವಿಳಾಸ ಸಿಗುತ್ತದೆ.

ಕಿವಿಯ ಮುಂದಿನ ಗಂಟು, ನಡುವೆ ಹಾಯುವ ನರ

ಮಂಗನಬಾವು ಬಂದಾಗ ಊದುತ್ತದಲ್ಲ, ಕಿವಿಯ ಮುಂದಿನ ಆ ಗ್ರಂಥಿಯೇ ಪೆರೋಟಿಡ್. ಜೊಲ್ಲುಗ್ರಂಥಿಯ ಗಡ್ಡೆಗಳಲ್ಲಿ ಸುಮಾರು 80 ಶೇಕಡಾ ಇಲ್ಲೇ ಹುಟ್ಟುತ್ತವೆ, ಅವುಗಳಲ್ಲಿ ಸುಮಾರು 80 ಶೇಕಡಾ ಕ್ಯಾನ್ಸರ್ ಅಲ್ಲದವು. ಗ್ರಂಥಿ ಚಿಕ್ಕದಾದಷ್ಟೂ ಲೆಕ್ಕ ತಿರುಗುತ್ತದೆ: ದವಡೆಯ ಅಡಿಯ ಗ್ರಂಥಿಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ, ನಾಲಗೆಯ ಅಡಿಯ ಪುಟ್ಟ ಗ್ರಂಥಿಯಲ್ಲಿ ಹೆಚ್ಚಿನವು ಕ್ಯಾನ್ಸರ್. ಹಾಗಾಗಿ ಬಾಯಿಯೊಳಗಿನ ಸಣ್ಣ ಗಂಟನ್ನು 'ಸಣ್ಣದು ತಾನೆ' ಎಂದು ಬಿಡುವಂತಿಲ್ಲ.

ಮುಖದ ಸ್ನಾಯುಗಳನ್ನು ಆಡಿಸುವ ನರ ಕಿವಿಯ ಹಿಂದಿನ ಎಲುಬಿನ ರಂಧ್ರದಿಂದ ಹೊರಬಂದು ನೇರ ಈ ಗ್ರಂಥಿಯ ಹೊಟ್ಟೆಯೊಳಗೆ ನುಗ್ಗಿ ಐದು ಕವಲಾಗುತ್ತದೆ. ಹಣೆ ಸುಕ್ಕಾಗಿಸಲು, ಕಣ್ಣು ಮುಚ್ಚಲು, ತುಟಿ ಆಡಿಸಲು ಅದೇ ಬೇಕು. ಶಸ್ತ್ರವೈದ್ಯರು ಇಲ್ಲಿ ಗಡ್ಡೆಯನ್ನು ಮೊದಲು ಹುಡುಕುವುದಿಲ್ಲ. ನರದ ಬುಡವನ್ನು ಹುಡುಕಿ, ಕೂದಲೆಳೆಯಂಥ ಅದರ ಒಂದೊಂದು ಕವಲನ್ನೂ ಬಿಡಿಸಿಕೊಳ್ಳುತ್ತಾ ಹೋಗುತ್ತಾರೆ, ಗಡ್ಡೆ ಆಮೇಲೆ ತಾನಾಗಿ ಕೈಗೆ ಬರುತ್ತದೆ. ಕ್ಯಾನ್ಸರ್ ಅಲ್ಲದ ಗಡ್ಡೆ ಎಷ್ಟು ದೊಡ್ಡದಾದರೂ ಸಾಮಾನ್ಯವಾಗಿ ಈ ನರವನ್ನು ಪಕ್ಕಕ್ಕೆ ತಳ್ಳುತ್ತದೆಯೇ ಹೊರತು ಕೆಡಿಸುವುದಿಲ್ಲ. ಹಾಗಾಗಿ ಕಿವಿಯ ಮುಂದೆ ಗಂಟಿದ್ದು ಅದೇ ಬದಿಯ ತುಟಿ ವಾರೆಯಾದರೆ ಅಥವಾ ಕಣ್ಣು ಪೂರ್ತಿ ಮುಚ್ಚದಿದ್ದರೆ ವೈದ್ಯರು ಗಂಭೀರರಾಗುತ್ತಾರೆ. ಮುಖದ ಲಕ್ವ ಹೊಡೆದಿದೆ ಎಂದು ವಾರಗಟ್ಟಲೆ ಮಾಲೀಸು ಮಾಡಿಸಿಕೊಂಡು ಕೂರುವ ಸಂದರ್ಭ ಅದಲ್ಲ.

ಇಲ್ಲಿ ಹೆಚ್ಚಾಗಿ ಸಿಗುವುದು ಪ್ಲಿಯೊಮಾರ್ಫಿಕ್ ಅಡಿನೋಮ. ಕ್ಯಾನ್ಸರ್ ಅಲ್ಲ, ಹಾಗಂತ ಸಾಧುವೂ ಅಲ್ಲ. ಅದರ ಹೊರಕವಚದಿಂದ ಬೆರಳಿನಂಥ ಚಾಚುಗಳು ಹೊರಟಿರುತ್ತವೆ. ಬಟಾಣಿ ಸುಲಿದಂತೆ ಗಡ್ಡೆಯನ್ನಷ್ಟೇ ಚಿಮ್ಮಿಸಿ ತೆಗೆದರೆ ಆ ಚಾಚುಗಳು ಉಳಿದು, ವರ್ಷಗಳ ನಂತರ ಒಂದರ ಬದಲು ಹತ್ತಾರು ಕಾಳುಗಳಾಗಿ ಎದ್ದು ಬರುತ್ತವೆ. ಎರಡನೇ ಸಲ ನರ ಉಳಿಸಿಕೊಳ್ಳುವುದು ಮೊದಲಿನಷ್ಟು ಸುಲಭವಲ್ಲ. ಹತ್ತಿಪ್ಪತ್ತು ವರ್ಷ ಬಿಟ್ಟರೆ ಕೆಲವು ಕ್ಯಾನ್ಸರ್ ಆಗಿಯೂ ತಿರುಗುತ್ತವೆ. ಬಹುಕಾಲ ತೆಪ್ಪಗಿದ್ದ ಗಂಟು ದಿಢೀರನೆ ಬೆಳೆಯತೊಡಗಿದರೆ ಅದು ಅಂಥ ಸೂಚನೆ.

ನರದ ಗುಂಟ ನಡೆಯುವ ಕ್ಯಾನ್ಸರ್

ನರವನ್ನು ತಳ್ಳದೆ ಅದನ್ನೇ ರಸ್ತೆ ಮಾಡಿಕೊಳ್ಳುವ ಗಡ್ಡೆ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ. ಜೊಲ್ಲುಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಒಂದು. ಅಂಗುಳಿನ ಸಣ್ಣ ಗ್ರಂಥಿಗಳಲ್ಲೂ ಕಣ್ಣೀರಿನ ಗ್ರಂಥಿಯಲ್ಲೂ ಬರುತ್ತದೆ. ಸೂಕ್ಷ್ಮದರ್ಶಕದಡಿ ಇದರ ಕೋಶಗಳ ಗುಂಪು ಥೇಟ್ ಜರಡಿ, ದುಂಡನೆಯ ತೂತುಗಳ ಸಾಲು. ಕಣ್ಣಿಗೆ ಅಂದ, ನಡತೆ ಬೇರೆ. ನರದ ಸುತ್ತಲಿನ ಪೊರೆಯೊಳಗೆ ಸೇರಿಕೊಂಡು ಅದರ ಗುಂಟ ತಲೆಬುರುಡೆಯ ಬುಡದವರೆಗೂ ತೆವಳುತ್ತದೆ. ಕತ್ತರಿಸಿದ ಅಂಚು ಶುದ್ಧವಾಗಿ ಕಂಡರೂ ಅಲ್ಲಿಂದ ಎಷ್ಟೋ ಮುಂದೆ ಕೋಶಗಳಿರಬಹುದು. ರೋಗಿಗೆ ಇದು ಎಷ್ಟೋ ಸಲ ಗೊತ್ತಾಗುವುದು ಗಂಟಾಗಿ ಅಲ್ಲ: ಕೆನ್ನೆಯ ಒಂದು ತುಂಡು ಮರಗಟ್ಟಿದಂತೆ, ನಾಲಗೆಯ ಒಂದು ಪಕ್ಕ ಜೋಮು ಹಿಡಿದಂತೆ, ಹಲ್ಲುನೋವಿನಂಥ ನೋವಾಗಿ. ಹಲ್ಲು ಕೀಳಿಸಿಕೊಂಡ ಮೇಲೂ ಅದೇ ನೋವು ಉಳಿದು, ಆ ನಂತರ ಸ್ಕ್ಯಾನ್ ಆದವರಿದ್ದಾರೆ.

ಇದರ ಅಂಕಿಅಂಶ ಓದುವುದೂ ಒಂದು ಕಲೆ. ಕ್ಯಾನ್ಸರ್‌ನಲ್ಲಿ ಎಲ್ಲರೂ ಕೇಳುವುದು 'ಐದು ವರ್ಷ ದಾಟಿದರೆ ಗೆದ್ದಂತೆಯೇ?' ಎಂದು. ಇಲ್ಲಿ ಐದು ವರ್ಷ ಹೆಚ್ಚಿನವರು ದಾಟುತ್ತಾರೆ. ಹದಿನೈದು ವರ್ಷದ ಲೆಕ್ಕ ತೆಗೆದರೆ ಚಿತ್ರ ಬೇರೆ. ನಿಧಾನ ಇದರ ಸ್ವಭಾವ; ಹತ್ತು ವರ್ಷ ಕಳೆದ ಮೇಲೆ ಶ್ವಾಸಕೋಶದಲ್ಲಿ ಚುಕ್ಕೆಗಳಾಗಿ ಕಾಣಿಸಿಕೊಳ್ಳುವುದುಂಟು, ಆ ಚುಕ್ಕೆಗಳೊಂದಿಗೆ ಮತ್ತೆ ವರ್ಷಗಟ್ಟಲೆ ಆರಾಮವಾಗಿ ಓಡಾಡಿಕೊಂಡಿರುವವರೂ ಉಂಟು. ಹಾಗಾಗಿ ಈ ರೋಗದಲ್ಲಿ ವೈದ್ಯರ ಭೇಟಿ ಐದಕ್ಕೆ ಮುಗಿಯುವುದಿಲ್ಲ.

ಒಂದೇ ಹೊಳ್ಳೆ, ಒಂದೇ ಕಿವಿ

ಅಲರ್ಜಿಗೆ ಎಡಬಲದ ಭೇದವಿಲ್ಲ. ನೆಗಡಿಗೂ ಇಲ್ಲ. ಮೂಗಿನಲ್ಲಿ ಬೆಳೆಯುವ ಮಾಮೂಲಿ ದುರ್ಮಾಂಸ ಕೂಡ ಹೆಚ್ಚಾಗಿ ಎರಡೂ ಹೊಳ್ಳೆಯಲ್ಲಿರುತ್ತದೆ. ಗಡ್ಡೆ ಮಾತ್ರ ಒಂದು ಬದಿ ಹಿಡಿಯುತ್ತದೆ. ಒಂದೇ ಹೊಳ್ಳೆ ಕಟ್ಟಿ, ಅದರಿಂದಲೇ ಆಗಾಗ ರಕ್ತ ಬಂದು, ವಾಸನೆಯೂ ಕಡಿಮೆಯಾಗುತ್ತಿದ್ದರೆ ಒಳಗೆ ದುರ್ಬೀನು ಹಾಕಿ ನೋಡಲೇಬೇಕು. ಇನ್ವರ್ಟೆಡ್ ಪ್ಯಾಪಿಲೋಮ ಇರಬಹುದು: ನೋಡಲು ದುರ್ಮಾಂಸದಂತೆ, ಆದರೆ ತೆಗೆದಲ್ಲೇ ಮತ್ತೆ ಬೆಳೆಯುವ, ಕೆಲವೊಮ್ಮೆ ಒಳಗೇ ಕ್ಯಾನ್ಸರ್ ಇಟ್ಟುಕೊಂಡಿರುವ ಗಡ್ಡೆ. ಅಥವಾ, ಇನ್ನೂ ಅಪರೂಪವಾಗಿ, ಮೂಗಿನ ಮಾಳಿಗೆಯಲ್ಲಿ ವಾಸನೆ ಹಿಡಿಯುವ ಪದರದಿಂದಲೇ ಹುಟ್ಟುವ ಆಲ್ಫ್ಯಾಕ್ಟರಿ ನ್ಯೂರೋಬ್ಲಾಸ್ಟೋಮ. 1924ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ವರ್ಣಿಸಿದ್ದು. ತೆಗೆದ ದುರ್ಮಾಂಸವನ್ನು ಕಸದ ಬುಟ್ಟಿಗೆ ಹಾಕದೆ ಪೆಥಾಲಜಿಗೆ, ಅಂದರೆ ಸೂಕ್ಷ್ಮದರ್ಶಕದಡಿ ನೋಡುವ ಲ್ಯಾಬಿಗೆ, ಕಳಿಸಬೇಕು ಎನ್ನುವುದು ಇದಕ್ಕೇ.

ಹದಿಹರೆಯದ ಹುಡುಗನ ಮೂಗು ಕಟ್ಟಿ ಮತ್ತೆ ಮತ್ತೆ ಜೋರಾಗಿ ರಕ್ತ ಸುರಿದರೆ ಮಾತ್ರ ಕ್ರಮ ಉಲ್ಟಾ. ಮೊದಲು ಸ್ಕ್ಯಾನ್, ಬಯಾಪ್ಸಿ ಕೂಡದು. ಮೂಗಿನ ಹಿಂದೆ ಬೆಳೆಯುವ ಆಂಜಿಯೋಫೈಬ್ರೋಮ ಹೆಚ್ಚುಕಡಿಮೆ ಆ ವಯಸ್ಸಿನ ಗಂಡುಮಕ್ಕಳಿಗೇ ಮೀಸಲು, ಕ್ಯಾನ್ಸರ್ ಅಲ್ಲ, ಆದರೆ ಒಳಗೆಲ್ಲ ರಕ್ತನಾಳ. ಚೂರು ಚಿವುಟಿದರೆ ರಕ್ತ ನಿಲ್ಲಿಸುವುದೇ ಕಷ್ಟ. ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಮೊದಲು ಅದಕ್ಕೆ ರಕ್ತ ಉಣಿಸುವ ನಾಳಗಳನ್ನು ಒಳಗಿನಿಂದಲೇ ಮುಚ್ಚಿ ಆಮೇಲೆ ತೆಗೆಯುತ್ತಾರೆ.

ಕಿವಿಯದೂ ಹೀಗೇ. ದೊಡ್ಡವರಲ್ಲಿ ಒಂದೇ ಕಿವಿಯ ತಮಟೆಯ ಹಿಂದೆ ನೀರು ತುಂಬಿ ವಾರಗಟ್ಟಲೆ ಇಳಿಯದಿದ್ದರೆ ನೋಡಬೇಕಾದದ್ದು ಕಿವಿಯನ್ನಲ್ಲ, ಮೂಗಿನ ಹಿಂಭಾಗವನ್ನು. ಕಿವಿಯ ಗಾಳಿಕೊಳವೆ ಅಲ್ಲಿ ಬಂದು ತೆರೆಯುತ್ತದೆ, ಅಲ್ಲಿನ ಕ್ಯಾನ್ಸರ್ ಅದರ ಬಾಯಿ ಮುಚ್ಚಿರಬಹುದು. ಒಂದೇ ಕಿವಿಯಲ್ಲಿ ನಾಡಿಯ ತಾಳಕ್ಕೆ ಸರಿಯಾಗಿ 'ಧಸ್ ಧಸ್' ಎಂದು ಸದ್ದು ಕೇಳಿದರೆ ತಮಟೆಯ ಹಿಂದೆ ಕೆಂಪಗೆ ಕೂತ ಪ್ಯಾರಾಗ್ಯಾಂಗ್ಲಿಯೋಮ ನೆನಪಾಗಬೇಕು. ಅದೇ ಅಕ್ಕಿಕಾಳಿನ ಬಳಗದ್ದು. ಇನ್ನು ಕೇಳುವ-ಸಮತೋಲದ ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮ ಎಂಬ ಗಡ್ಡೆ ಎಷ್ಟು ಸದ್ದಿಲ್ಲದೆ ಬರುತ್ತದೆಂದರೆ, 'ಫೋನು ಹಿಡಿಯುವ ಕಿವಿ ಯಾವಾಗ ಬದಲಾಯಿಸಿದಿರಿ?' ಎಂದು ಕೇಳಿದಾಗಲೇ ರೋಗಿಗೂ ಹೊಳೆಯುವುದು.

ಕ್ಯಾನ್ಸರ್‌ನ ವೇಷ ಹಾಕಿದವು

ಅಂಗುಳಿನಲ್ಲಿ ಆಳವಾದ ಹುಣ್ಣು, ಅಂಚು ಎದ್ದಿದೆ. ನೋಡಿದವರಿಗೆಲ್ಲ ಕ್ಯಾನ್ಸರ್ ಎಂದೇ ಅನ್ನಿಸುತ್ತದೆ. ಬಯಾಪ್ಸಿ ನೋಡಿದ ಪೆಥಾಲಜಿಸ್ಟ್‌ಗೂ ಹಾಗೆಯೇ ಅನ್ನಿಸಬಹುದು. ಒಂದೆರಡು ತಿಂಗಳಲ್ಲಿ ಹುಣ್ಣು ತಾನಾಗಿ ಮಾಯುತ್ತದೆ! 1973ರಲ್ಲಿ ಹೆಸರು ಪಡೆದ ನೆಕ್ರೊಟೈಸಿಂಗ್ ಸಯಲೊಮೆಟಾಪ್ಲೇಸಿಯ ಇದು. ಸಣ್ಣ ಜೊಲ್ಲುಗ್ರಂಥಿಗೆ ರಕ್ತ ಸಾಲದೆ ಸತ್ತು ಆಗುವ ಹುಣ್ಣು. ಇದನ್ನು ಗುರುತಿಸದೆ ಅಂಗುಳನ್ನೇ ಕತ್ತರಿಸಿ ತೆಗೆದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿವೆ.

ಹಾಗೆಯೇ 1896ರಲ್ಲಿ ಕ್ಯುಟ್ನರ್ ಎಂಬ ಜರ್ಮನ್ ಶಸ್ತ್ರವೈದ್ಯರು ದವಡೆಯ ಅಡಿಯ ಗ್ರಂಥಿ ಕಲ್ಲಿನಂತೆ ಗಟ್ಟಿಯಾಗುವುದನ್ನು ಬರೆದಿಟ್ಟರು. 'ಕ್ಯುಟ್ನರ್ ಗಡ್ಡೆ' ಎಂಬ ಹೆಸರೂ ನಿಂತಿತು. ಶತಮಾನ ಕಳೆದು, ಜಪಾನಿನ ಸಂಶೋಧಕರು 2001ರಲ್ಲಿ ಮೇದೋಜೀರಕ ಗ್ರಂಥಿಯ ಒಂದು ಉರಿಯೂತದಲ್ಲಿ ಐಜಿಜಿ4 ಎಂಬ ಪ್ರತಿಕಾಯ ರಕ್ತದಲ್ಲಿ ಏರಿರುವುದನ್ನು ಕಂಡ ಮೇಲೆ ಒಂದೊಂದೇ ಕೊಂಡಿ ಕೂಡಿಕೊಂಡಿತು. ಕ್ಯುಟ್ನರ್ ಗಡ್ಡೆ ಗಡ್ಡೆಯೇ ಅಲ್ಲ, ಬಹುಪಾಲು ಅದೇ ಐಜಿಜಿ4 ಕಾಯಿಲೆಯ ಒಂದು ಮುಖ. ಕತ್ತಿ ಬೇಡ, ಸ್ಟಿರಾಯ್ಡ್ ಮಾತ್ರೆಗೆ ಕರಗುತ್ತದೆ. ಎಳೆಯ ವಯಸ್ಸಿನವರಲ್ಲಿ ಜ್ವರದೊಂದಿಗೆ ಕುತ್ತಿಗೆಯ ದುಗ್ಧಗ್ರಂಥಿ ಊದಿಸಿ ಲಿಂಫೋಮ (ದುಗ್ಧಗ್ರಂಥಿಯ ಕ್ಯಾನ್ಸರ್) ಎಂದು ಹೆದರಿಸುವ ಕಿಕುಚಿ ಕಾಯಿಲೆಯೂ, 1972ರದ್ದು, ತಾನಾಗಿ ಇಳಿಯುವಂಥದ್ದೇ.

ವೇಷ ಎದುರು ದಿಕ್ಕಿನಲ್ಲೂ ಇರುತ್ತದೆ. ನಲವತ್ತು ದಾಟಿದವರ ಕುತ್ತಿಗೆಯ ಪಕ್ಕದಲ್ಲಿ ನೀರು ತುಂಬಿದ ಮೆತ್ತನೆ ಗಂಟು ಎದ್ದರೆ 'ಹುಟ್ಟಿನಿಂದ ಉಳಿದ ಚೀಲ' ಎಂದು ಸಮಾಧಾನ ಹೇಳುವ ಮುನ್ನ ಟಾನ್ಸಿಲ್, ನಾಲಗೆಯ ಬುಡ ನೋಡಬೇಕು. ಎಚ್‌ಪಿವಿಯಿಂದ ಬರುವ ಕ್ಯಾನ್ಸರ್ ದುಗ್ಧಗ್ರಂಥಿಗೆ ಹರಡಿದಾಗ ಹೀಗೆ ನೀರಿನ ಚೀಲದಂತೆಯೇ ಕಾಣುತ್ತದೆ, ಮೂಲದ ಗಡ್ಡೆ ಟಾನ್ಸಿಲ್‌ನ ಬಿರುಕಿನಲ್ಲಿ ಕಡಲೆಕಾಳಿಗಿಂತ ಚಿಕ್ಕದಾಗಿ ಅವಿತಿರಬಹುದು.

ವೈದ್ಯರ ಬಳಿ ಹೋಗುವವರು ರೋಗದ ಹೆಸರು ಹುಡುಕಿಕೊಂಡು ಹೋಗುವುದಕ್ಕಿಂತ ನಾಲ್ಕು ವಿವರ ಬರೆದುಕೊಂಡು ಹೋಗುವುದು ವಾಸಿ. ಒಂದೇ ಬದಿಯೇ? ಮೂರು ವಾರ ದಾಟಿತೇ? ಮರಗಟ್ಟುವುದು, ಮುಖ ವಾರೆಯಾಗುವುದು, ಧ್ವನಿ ಒಡೆಯುವುದು ಜೊತೆಗಿದೆಯೇ? ಕುಟುಂಬದಲ್ಲಿ ಯಾರಿಗಾದರೂ ಕುತ್ತಿಗೆ, ಥೈರಾಯ್ಡ್, ಅಡ್ರಿನಲ್ (ಮೂತ್ರಪಿಂಡದ ಮೇಲಿನ ಗ್ರಂಥಿ) ಗಡ್ಡೆ ಆಗಿತ್ತೇ? ಬಹಳ ಸಲ ಉತ್ತರ ಮಾಮೂಲಿ ಸೋಂಕೇ ಆಗಿರುತ್ತದೆ, ಆ ಮಾತು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಮೇಣದ ಬಿಲ್ಲೆ

ಕೊನೆಗೆ ಹೆಸರು ನಿರ್ಧಾರವಾಗುವುದು ಪೆಥಾಲಜಿಸ್ಟ್ ಮೇಜಿನ ಮೇಲೆ. ತೆಗೆದ ತುಂಡನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಬಿಲ್ಲೆಯಾಗಿ ಅಚ್ಚು ಹಾಕಿ, ಕೂದಲಿಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಹರಡಿ, ನೇರಳೆ-ಗುಲಾಬಿ ಬಣ್ಣ ಹಾಕುತ್ತಾರೆ. ತಲೆ-ಕುತ್ತಿಗೆಯ ಎಷ್ಟೋ ಗಡ್ಡೆಗಳು ಈ ಬಣ್ಣದಲ್ಲಿ 'ಸಣ್ಣ ದುಂಡು ನೀಲಿ ಕೋಶಗಳು' ಎಂದಷ್ಟೇ ಕಾಣುತ್ತವೆ. ಬೇರೆ ಬೇರೆ ಪ್ರೋಟೀನುಗಳಿಗೆ ಅಂಟುವ ವಿಶೇಷ ಬಣ್ಣಗಳು, ಆಮೇಲೆ ಜೀನ್ ಪರೀಕ್ಷೆ, ಹೀಗೆ ಒಂದೊಂದೇ ಹೆಸರು ಹೊಡೆದುಹಾಕುತ್ತಾ ಹೋಗಬೇಕು. ನಟ್ ಕಾರ್ಸಿನೋಮ ಎಂಬ, ತಿಂಗಳುಗಳಲ್ಲಿ ಜೀವ ತೆಗೆಯುವಷ್ಟು ಉಗ್ರ ಕ್ಯಾನ್ಸರನ್ನು ಒಂದೇ ಒಂದು ಬಣ್ಣದಿಂದ ಹಿಡಿಯಬಹುದು, ಆದರೆ ಆ ಬಣ್ಣ ಹಾಕಬೇಕು ಎಂದು ಯಾರಿಗಾದರೂ ಹೊಳೆಯಬೇಕಲ್ಲ! ದಿನವಿಡೀ ಜೊಲ್ಲುಗ್ರಂಥಿಯ ಸ್ಲೈಡುಗಳನ್ನೇ ನೋಡುವವರ ಬಳಿ ಅದೇ ಗಾಜಿನ ಚೂರು ಕಳಿಸಿದರೆ ವರದಿ ಬದಲಾಗುವುದು ಇದಕ್ಕೇ. ಎರಡನೇ ಅಭಿಪ್ರಾಯ ಎಂದರೆ ಜನ ಇನ್ನೊಬ್ಬ ಶಸ್ತ್ರವೈದ್ಯರನ್ನು ಹುಡುಕುತ್ತಾರೆ. ಅಪರೂಪದ ಗಡ್ಡೆಯಲ್ಲಿ ಮೊದಲು ಹುಡುಕಬೇಕಾದದ್ದು ಇನ್ನೊಬ್ಬ ಪೆಥಾಲಜಿಸ್ಟನ್ನು, ಅದಕ್ಕೆ ರೋಗಿ ಎಲ್ಲಿಗೂ ಪ್ರಯಾಣ ಮಾಡಬೇಕಿಲ್ಲ. ಬಿಲ್ಲೆ ಹೋದರೆ ಸಾಕು.

2010ರಲ್ಲಿ ಹೀಗೇ ಆಯಿತು. ಜೊಲ್ಲುಗ್ರಂಥಿಯ ಕೆಲವು ಗಡ್ಡೆಗಳು ಸ್ತನದ ಒಂದು ಅಪರೂಪದ ಕ್ಯಾನ್ಸರ್‌ನಂತೆಯೇ ಕಾಣುತ್ತವೆ ಎಂದು ಯುರೋಪಿನ ಪೆಥಾಲಜಿಸ್ಟ್ ಅಲೆನಾ ಸ್ಕಾಲೊವ ಮತ್ತು ಸಂಗಡಿಗರು ಗಮನಿಸಿದರು. ಪರೀಕ್ಷಿಸಿದರೆ ಜೀನ್ ದೋಷವೂ ಅದೇ: 12ನೇ ಮತ್ತು 15ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ ಇಟಿವಿ6, ಎನ್‌ಟಿಆರ್‌ಕೆ3 ಎಂಬ ಎರಡು ಜೀನುಗಳು ಬೆಸೆದುಕೊಂಡಿವೆ. ಈಗ ಅದನ್ನು ಸೀಕ್ರಿಟರಿ ಕಾರ್ಸಿನೋಮ ಎನ್ನುತ್ತಾರೆ. ಲ್ಯಾಬುಗಳು ತಮ್ಮ ಕಪಾಟಿನಲ್ಲಿ ವರ್ಷಗಳಿಂದ ಕೂತಿದ್ದ ಮೇಣದ ಬಿಲ್ಲೆಗಳನ್ನು ಹೊರತೆಗೆದು ನೋಡಿದಾಗ, 'ಅಸಿನಿಕ್ ಸೆಲ್ ಕಾರ್ಸಿನೋಮ' ಎಂದು, ಅಂದರೆ ಜೊಲ್ಲುಗ್ರಂಥಿಯ ಇನ್ನೊಂದು ಕ್ಯಾನ್ಸರ್ ಎಂದು, ಚೀಟಿ ಅಂಟಿಸಿದ್ದ ಹಲವು ನಿಜಕ್ಕೂ ಇವೇ ಆಗಿದ್ದವು. ಆಗ ಅದು ಹೆಸರಿನ ತಿದ್ದುಪಡಿ ಅಷ್ಟೇ ಅನ್ನಿಸಿರಬಹುದು. 2018ರಲ್ಲಿ ಲ್ಯಾರೊಟ್ರೆಕ್ಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗಡ್ಡೆ ಯಾವ ಅಂಗದಲ್ಲಿದ್ದರೂ ಸರಿ, ಎನ್‌ಟಿಆರ್‌ಕೆ ಬೆಸುಗೆ ಇದ್ದರೆ ಕೊಡಬಹುದಾದ ಔಷಧ. ಕತ್ತರಿಸಿ ತೆಗೆಯಲಾಗದ, ಅಥವಾ ಹರಡಿಬಿಟ್ಟ ಸೀಕ್ರಿಟರಿ ಕಾರ್ಸಿನೋಮ ಇರುವವರಿಗೆ ಆ ಮಾತ್ರೆ ಸಿಗಬೇಕಾದರೆ ಮೊದಲು ಯಾರಾದರೂ ಹಳೆಯ ಬಿಲ್ಲೆಯಿಂದ ಇನ್ನೊಂದು ತೆಳು ಪದರ ಹೆರೆದು, ಹೆಸರು ಸರಿಪಡಿಸಿ ಬರೆಯಬೇಕು.